ಮುಕ್ತ ತಂತ್ರಾಂಶ ಆಧಾರಿತ ಲ್ಯಾಪ್‌ಟಾಪ್‌ಗಳಲ್ಲಿ ವೈ-ಫೈ ಸಂಪರ್ಕದ ತೊಂದರೆಗಳು: ಪರಿಶೀಲನೆಯ ಕ್ರಮ ಮತ್ತು ಪರಿಹಾರ

ಪೀಠಿಕೆ

ಪಹಣಿ ಪಡೆಯುವುದು, ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸುವುದು, ಸೇವಾ ಸಿಂಧು ಮೂಲಕ ವಿವಿಧ ಇಲಾಖೆಗಳ ಸೇವೆಗಳನ್ನು ಕೋರುವುದು, ಆದಾಯ ತೆರಿಗೆ ವಿವರಪಟ್ಟಿ ಸಲ್ಲಿಸುವುದು ಮುಂತಾದ ಅನೇಕ ಕಾರ್ಯಗಳು ಇಂದು ಅಂತರ್ಜಾಲದ ಮೂಲಕ ನಡೆಯುತ್ತಿವೆ. ಇವುಗಳಲ್ಲಿ ಹಲವಕ್ಕೆ ಕಡೆಯ ದಿನಾಂಕ ನಿಗದಿಯಾಗಿರುತ್ತದೆ. ಅಂತಹ ದಿನದಂದೇ ಲ್ಯಾಪ್‌ಟಾಪ್‌ನ ವೈ-ಫೈ ಸಂಪರ್ಕ ಕಡಿದುಹೋದಲ್ಲಿ ಬಳಕೆದಾರರು ಗಾಬರಿಗೊಳ್ಳುವುದು ಸಹಜ.

ಉಬುಂಟು, ಡೆಬಿಯನ್, ಲಿನಕ್ಸ್ ಮಿಂಟ್ ಹಾಗೂ ಸಿ-ಡ್ಯಾಕ್ ಸಂಸ್ಥೆಯು ರೂಪಿಸಿರುವ ಬಾಸ್ ಮುಂತಾದ ಮುಕ್ತ ಕಾರ್ಯಾಚರಣ ವ್ಯವಸ್ಥೆಗಳನ್ನು ಬಳಸುವವರಿಗೆ ಇಂತಹ ಸಂದರ್ಭದಲ್ಲಿ ಸಾಮಾನ್ಯವಾಗಿ ದೊರೆಯುವ ಸಲಹೆಯೆಂದರೆ, "ಫಾರ್ಮ್ಯಾಟ್ ಮಾಡಿಸಿ, ಬೇರೆ ವ್ಯವಸ್ಥೆ ಹಾಕಿಸಿಕೊಳ್ಳಿ" ಎಂಬುದು. ಈ ಸಲಹೆಯನ್ನು ಪಾಲಿಸಿದಲ್ಲಿ ಹಣ ಖರ್ಚಾಗುವುದಲ್ಲದೆ, ಪ್ರತಿ ತೆಗೆದಿಡದ ಕಡತಗಳು, ಭಾವಚಿತ್ರಗಳು ಮತ್ತು ದಾಖಲೆಗಳು ಶಾಶ್ವತವಾಗಿ ನಷ್ಟವಾಗಬಹುದು. ವಾಸ್ತವವಾಗಿ ವೈ-ಫೈ ತೊಂದರೆಗಳಲ್ಲಿ ಬಹುಪಾಲು ಫಾರ್ಮ್ಯಾಟ್ ಮಾಡದೆಯೇ ಸರಿಪಡಿಸಬಹುದಾದವು. ಜಮಾ-ಖರ್ಚು ತಾಳೆಯಾಗದಿದ್ದಾಗ ಇಡೀ ಲೆಕ್ಕದ ಪುಸ್ತಕವನ್ನು ಯಾರೂ ಹರಿದುಹಾಕುವುದಿಲ್ಲ. ವ್ಯತ್ಯಾಸವು ಯಾವ ನಮೂದಿನಲ್ಲಿದೆ ಎಂಬುದನ್ನು ಹುಡುಕುತ್ತಾರೆ. ಇಲ್ಲಿಯೂ ಅನುಸರಿಸಬೇಕಾದುದು ಅದೇ ಕ್ರಮ.

ಸಾರ್ವಜನಿಕರ ಅನುಕೂಲಕ್ಕಾಗಿ ಸದರಿ ಕ್ರಮವನ್ನು ಉಬುಂಟು ವ್ಯವಸ್ಥೆಯನ್ನು ಉದಾಹರಣೆಯಾಗಿಟ್ಟುಕೊಂಡು ಈ ಕೆಳಗೆ ವಿವರಿಸಲಾಗಿದೆ. ಮೇಲೆ ಹೆಸರಿಸಿದ ಇತರ ವ್ಯವಸ್ಥೆಗಳಿಗೂ ಇದು ಅಲ್ಪ ಬದಲಾವಣೆಗಳೊಂದಿಗೆ ಅನ್ವಯಿಸುತ್ತದೆ.

1. ವೈ-ಫೈ ಸಂಪರ್ಕ ಏರ್ಪಡುವ ಬಗೆ

ಲ್ಯಾಪ್‌ಟಾಪ್‌ನಿಂದ ಜಾಲತಾಣವೊಂದನ್ನು ತಲುಪಲು ಐದು ಕೊಂಡಿಗಳು ಸರಿಯಾಗಿರಬೇಕು.

ಅ) ಲ್ಯಾಪ್‌ಟಾಪ್‌ನ ಒಳಗಿರುವ ವೈ-ಫೈ ಕಾರ್ಡ್ ಚಾಲನೆಯಲ್ಲಿರಬೇಕು, ಅದರ ಸ್ವಿಚ್ ಆಫ್ ಆಗಿರಬಾರದು.
ಆ) ಆ ಕಾರ್ಡನ್ನು ನಡೆಸುವ ಚಾಲಕ ತಂತ್ರಾಂಶ, ಅಂದರೆ ಡ್ರೈವರ್, ವ್ಯವಸ್ಥೆಯಲ್ಲಿ ಇರಬೇಕು.
ಇ) ಕಾರ್ಡಿಗೆ ರೂಟರ್‌ನ ಸಂಕೇತ ಕಾಣಿಸಬೇಕು.
ಈ) ಗುಪ್ತಪದ ಸರಿಯಾಗಿದ್ದು, ರೂಟರ್ ಲ್ಯಾಪ್‌ಟಾಪ್ ಅನ್ನು ಒಳಗೆ ಬಿಟ್ಟುಕೊಳ್ಳಬೇಕು.
ಉ) ರೂಟರ್ ಲ್ಯಾಪ್‌ಟಾಪ್‌ಗೆ ಒಂದು ಐಪಿ ವಿಳಾಸವನ್ನು ನೀಡಬೇಕು ಮತ್ತು ಅಲ್ಲಿಂದ ಮುಂದೆ ಅಂತರ್ಜಾಲ ಲಭ್ಯವಿರಬೇಕು.

ಇವುಗಳಲ್ಲಿ ಯಾವುದೊಂದು ಕೊಂಡಿ ಕಳಚಿದರೂ ಬಳಕೆದಾರರಿಗೆ ಕಾಣುವ ಫಲಿತಾಂಶ ಒಂದೇ: "ನೆಟ್ ಬರುತ್ತಿಲ್ಲ." ಆದರೆ ಪ್ರತಿಯೊಂದರ ಪರಿಹಾರ ಬೇರೆ ಬೇರೆ. ಡ್ರೈವರ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಗುಪ್ತಪದ ಬದಲಿಸುವುದರಿಂದಾಗಲಿ, ಗುಪ್ತಪದ ತಪ್ಪಿರುವಾಗ ಡ್ರೈವರ್ ಬದಲಿಸುವುದರಿಂದಾಗಲಿ ಪ್ರಯೋಜನವಿಲ್ಲ. ಆದುದರಿಂದ ಕಳಚಿರುವ ಕೊಂಡಿಯನ್ನು ಮೊದಲು ಗುರುತಿಸತಕ್ಕದ್ದು.

2. ಆರಂಭಿಸುವ ಮುನ್ನ ಕೈಗೊಳ್ಳಬೇಕಾದ ಕ್ರಮಗಳು

(i) ಅದೇ ವೈ-ಫೈಗೆ ಮೊಬೈಲ್ ದೂರವಾಣಿಯನ್ನು ಜೋಡಿಸಿ, ಮೊಬೈಲ್ ಡೇಟಾವನ್ನು ನಿಲ್ಲಿಸಿ, ಯಾವುದಾದರೂ ಜಾಲತಾಣವನ್ನು ತೆರೆದು ನೋಡುವುದು. ಮೊಬೈಲ್‌ನಲ್ಲಿಯೂ ತೆರೆಯದಿದ್ದಲ್ಲಿ ದೋಷವು ರೂಟರ್ ಅಥವಾ ಸೇವಾದಾರರ ಕಡೆಯದಾಗಿರುತ್ತದೆ. ರೂಟರ್ ಅನ್ನು ಅರ್ಧ ನಿಮಿಷ ಆಫ್ ಮಾಡಿ ಪುನಃ ಚಾಲೂ ಮಾಡಿ ನೋಡುವುದು. ಮೊಬೈಲ್‌ನಲ್ಲಿ ತೆರೆದು ಲ್ಯಾಪ್‌ಟಾಪ್‌ನಲ್ಲಿ ಮಾತ್ರ ತೆರೆಯದಿದ್ದಲ್ಲಿ ಮುಂದಿನ ಹಂತಗಳನ್ನು ಅನುಸರಿಸುವುದು.

(ii) ತುರ್ತು ಕೆಲಸವಿದ್ದಲ್ಲಿ ಮೊದಲು ಅದನ್ನು ಮುಗಿಸಿಕೊಳ್ಳುವುದು ಒಳಿತು. ಆಂಡ್ರಾಯ್ಡ್ ಮೊಬೈಲ್ ಅನ್ನು ಯುಎಸ್‌ಬಿ ಕೇಬಲ್ ಮೂಲಕ ಲ್ಯಾಪ್‌ಟಾಪ್‌ಗೆ ಜೋಡಿಸಿ, ಮೊಬೈಲ್‌ನ ಸೆಟ್ಟಿಂಗ್ಸ್‌ನಲ್ಲಿ "ಯುಎಸ್‌ಬಿ ಟೆದರಿಂಗ್" ಚಾಲೂ ಮಾಡಿದಲ್ಲಿ ಮೊಬೈಲ್‌ನ ಅಂತರ್ಜಾಲ ಲ್ಯಾಪ್‌ಟಾಪ್‌ಗೆ ದೊರೆಯುತ್ತದೆ. ಇದಕ್ಕೆ ವೈ-ಫೈ ಡ್ರೈವರ್‌ನ ಅಗತ್ಯವಿಲ್ಲ. ಉಬುಂಟು ವ್ಯವಸ್ಥೆಯು ಇದನ್ನು ಸಾಮಾನ್ಯವಾಗಿ ತಾನಾಗಿಯೇ ಗುರುತಿಸುತ್ತದೆ. ಅರ್ಜಿಯ ಕಡೆಯ ದಿನದಂದು ಈ ಒಂದು ಉಪಾಯವೇ ಸಾಕಾಗಬಹುದು. ಮುಂದೆ ಡ್ರೈವರ್ ಪಡೆದುಕೊಳ್ಳಲು ಸಹ ಇದೇ ಮಾರ್ಗ ನೆರವಾಗುತ್ತದೆ.

(iii) ಅಗತ್ಯ ಕಡತಗಳ ಪ್ರತಿಯೊಂದನ್ನು ಪೆನ್ ಡ್ರೈವ್‌ನಲ್ಲಿ ತೆಗೆದಿಡುವುದು.

ಸೂಚನೆ: ಮುಂದೆ ನೀಡಿರುವ ಆದೇಶಗಳನ್ನು ಅವುಗಳ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆಯಲಾಗಿದೆ. ಅವುಗಳನ್ನು "ಟರ್ಮಿನಲ್" ಎಂಬ ತಂತ್ರಾಂಶವನ್ನು ತೆರೆದು, ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ, ಪದಗಳ ನಡುವೆ ಒಂದು ಜಾಗ ಬಿಟ್ಟು ಟೈಪ್ ಮಾಡಿ ಎಂಟರ್ ಒತ್ತುವುದು. ಕಂಟ್ರೋಲ್, ಆಲ್ಟ್ ಮತ್ತು ಟಿ ಕೀಲಿಗಳನ್ನು ಒಟ್ಟಿಗೆ ಒತ್ತಿದಲ್ಲಿ ಉಬುಂಟುವಿನಲ್ಲಿ ಟರ್ಮಿನಲ್ ತೆರೆಯುತ್ತದೆ.

3. ಕಳಚಿರುವ ಕೊಂಡಿಯನ್ನು ಗುರುತಿಸುವುದು

"ಎನ್‌ಎಂಸಿಎಲ್‌ಐ ಡಿವೈಸ್" ಎಂಬ ಆದೇಶವನ್ನು ನೀಡುವುದು. ಮೊದಲ ಪದದ ಐದು ಅಕ್ಷರಗಳನ್ನು ಜಾಗ ಬಿಡದೆ ಬರೆಯಬೇಕು. ಆಗ ಲ್ಯಾಪ್‌ಟಾಪ್‌ನಲ್ಲಿರುವ ಜಾಲ ಸಾಧನಗಳ ಪಟ್ಟಿ ಹಾಗೂ ಪ್ರತಿಯೊಂದರ ಸ್ಥಿತಿ ಕಾಣಿಸುತ್ತದೆ. ವ್ಯವಸ್ಥೆಯ ಭಾಷೆ ಇಂಗ್ಲಿಷ್ ಆಗಿದ್ದಲ್ಲಿ "ವೈಫೈ" ಎಂದಿರುವ ಸಾಲಿನ ಮುಂದೆ ಕಾಣುವ ಪದದ ಅರ್ಥ ಹೀಗಿದೆ.

- ವೈಫೈ ಎಂಬ ಸಾಲೇ ಇಲ್ಲದಿದ್ದಲ್ಲಿ: ಡ್ರೈವರ್ ಇಲ್ಲ ಅಥವಾ ಕಾರ್ಡ್ ಪತ್ತೆಯಾಗಿಲ್ಲ. 5ನೇ ವಿಭಾಗವನ್ನು ನೋಡುವುದು.
- "ಅನ್‌ಅವೈಲಬಲ್" ಎಂದಿದ್ದಲ್ಲಿ: ಬಹುತೇಕ ಸ್ವಿಚ್ ಆಫ್ ಆಗಿದೆ. 4ನೇ ವಿಭಾಗವನ್ನು ನೋಡುವುದು.
- "ಡಿಸ್‌ಕನೆಕ್ಟೆಡ್" ಎಂದಿದ್ದಲ್ಲಿ: ಕಾರ್ಡ್ ಮತ್ತು ಡ್ರೈವರ್ ಸರಿಯಾಗಿವೆ, ಸಂಪರ್ಕ ಮಾತ್ರ ಆಗಿಲ್ಲ. 6ನೇ ಹಾಗೂ 7ನೇ ವಿಭಾಗಗಳನ್ನು ನೋಡುವುದು.
- "ಕನೆಕ್ಟೆಡ್" ಎಂದಿದ್ದರೂ ಜಾಲತಾಣ ತೆರೆಯದಿದ್ದಲ್ಲಿ: 8ನೇ ವಿಭಾಗವನ್ನು ನೋಡುವುದು.

ಈ ಒಂದು ಆದೇಶದಿಂದ ಪರಿಶೀಲನೆಯ ಶ್ರಮ ಬಹಳಷ್ಟು ಕಡಿಮೆಯಾಗುತ್ತದೆ.

4. ಸ್ವಿಚ್ ಆಫ್ ಆಗಿರುವುದು

ಅನೇಕ ಲ್ಯಾಪ್‌ಟಾಪ್‌ಗಳ ಕೀಲಿಮಣೆಯ ಮೇಲ್ಸಾಲಿನಲ್ಲಿ ವಿಮಾನ ಅಥವಾ ಗೋಪುರದ ಚಿತ್ರವಿರುವ ಕೀಲಿಯೊಂದಿದ್ದು, ಅದು ಅರಿವಿಲ್ಲದೆ ಒತ್ತಲ್ಪಟ್ಟಾಗ ವೈ-ಫೈ ನಿಲ್ಲುತ್ತದೆ. ಕೆಲವು ಹಳೆಯ ಮಾದರಿಗಳಲ್ಲಿ ಬದಿಯಲ್ಲಿ ಸಣ್ಣ ಜಾರುವ ಗುಂಡಿಯೂ ಇರುತ್ತದೆ.

"ಆರ್‌ಎಫ್‌ಕಿಲ್ ಲಿಸ್ಟ್" ಎಂಬ ಆದೇಶ ನೀಡಿದಾಗ ಎರಡು ಬಗೆಯ ತಡೆಗಳು ಕಾಣಿಸುತ್ತವೆ. "ಸಾಫ್ಟ್ ಬ್ಲಾಕ್ಡ್" ಎಂಬುದರ ಮುಂದೆ "ಎಸ್" ಎಂದಿದ್ದಲ್ಲಿ ಅದು ತಂತ್ರಾಂಶದ ತಡೆ. "ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ" ಎಂಬ ಆದೇಶದಿಂದ ಅದನ್ನು ತೆರವುಗೊಳಿಸಬಹುದು. "ಹಾರ್ಡ್ ಬ್ಲಾಕ್ಡ್" ಎಂಬುದರ ಮುಂದೆ "ಎಸ್" ಎಂದಿದ್ದಲ್ಲಿ ಅದು ಯಂತ್ರದ ತಡೆ. ಇದನ್ನು ಕೀಲಿ ಅಥವಾ ಗುಂಡಿಯಿಂದಲೇ ತೆಗೆಯಬೇಕು, ಆದೇಶದಿಂದ ಆಗುವುದಿಲ್ಲ. ಗುಂಡಿಯೇ ಇಲ್ಲದ ಕೆಲವು ಮಾದರಿಗಳಲ್ಲಿಯೂ ಯಂತ್ರದ ತಡೆ ತಪ್ಪಾಗಿ ಕಾಣಿಸಿಕೊಳ್ಳುವುದುಂಟು. ಅಂತಹ ಸಂದರ್ಭದಲ್ಲಿ ಬಯೋಸ್ ಸೆಟ್ಟಿಂಗ್‌ನಲ್ಲಿ ವೈ-ಫೈ ಚಾಲೂ ಇದೆಯೇ ಎಂದು ನೋಡುವುದು ಮತ್ತು ವ್ಯವಸ್ಥೆಯನ್ನು ನವೀಕರಿಸುವುದು.

ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಮತ್ತು ಉಬುಂಟು ಎರಡನ್ನೂ ಇಟ್ಟುಕೊಂಡಿರುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ವಿಂಡೋಸ್‌ನಲ್ಲಿ "ಫಾಸ್ಟ್ ಸ್ಟಾರ್ಟಪ್" ಸೌಲಭ್ಯ ಚಾಲೂ ಇದ್ದಲ್ಲಿ, ಶಟ್ ಡೌನ್ ಮಾಡಿದಾಗ ಯಂತ್ರವು ಪೂರ್ಣವಾಗಿ ಮುಚ್ಚಿಕೊಳ್ಳುವುದಿಲ್ಲ. ಇದರಿಂದ ಕೆಲವು ವೈ-ಫೈ ಕಾರ್ಡ್‌ಗಳು ಅನಂತರ ಉಬುಂಟುವಿಗೆ ಸ್ಪಂದಿಸುವುದಿಲ್ಲ. ವಿಂಡೋಸ್‌ನಲ್ಲಿ ಸದರಿ ಸೌಲಭ್ಯವನ್ನು ನಿಲ್ಲಿಸುವುದೇ ಇದಕ್ಕೆ ಪರಿಹಾರ.

5. ಡ್ರೈವರ್ ಇಲ್ಲದಿರುವುದು

ವೈ-ಫೈ ಕಾರ್ಡ್ ಕೆಲಸ ಮಾಡಲು ಎರಡು ತಂತ್ರಾಂಶಗಳು ಬೇಕಾಗುತ್ತವೆ. ಒಂದು, ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನೊಂದಿಗೆ ಬರುವ ಡ್ರೈವರ್. ಇನ್ನೊಂದು, ಕಾರ್ಡಿನೊಳಗೇ ಓಡುವ ಫರ್ಮ್‌ವೇರ್. ಡ್ರೈವರ್ ಮುಕ್ತವಾಗಿದ್ದರೂ ಫರ್ಮ್‌ವೇರ್ ಸಾಮಾನ್ಯವಾಗಿ ತಯಾರಕರ ಸ್ವಾಮ್ಯದ್ದಾಗಿರುತ್ತದೆ. ಅದರ ಮೂಲ ಬರಹ ಪ್ರಕಟವಾಗಿರುವುದಿಲ್ಲ.

ಈ ಕಾರಣದಿಂದಲೇ ಹಿಂದೆ ಲಿನಕ್ಸ್ ಮತ್ತು ವೈ-ಫೈ ಎಂದರೆ ತೊಂದರೆ ಎಂಬ ಹೆಸರು ಬಂದಿತ್ತು. 2000ರ ದಶಕದಲ್ಲಿ ವಿಂಡೋಸ್‌ಗಾಗಿ ಬರೆದ ಡ್ರೈವರ್ ಅನ್ನೇ ಲಿನಕ್ಸ್‌ನಲ್ಲಿ ಓಡಿಸುವ "ಎನ್‌ಡಿಐಎಸ್‌ ರ‍್ಯಾಪರ್" ಎಂಬ ತಂತ್ರಾಂಶವನ್ನು ಅನೇಕರು ಬಳಸಬೇಕಾಗುತ್ತಿತ್ತು. 2010ರ ಸೆಪ್ಟೆಂಬರ್‌ನಲ್ಲಿ ಬ್ರಾಡ್‌ಕಾಮ್ ಸಂಸ್ಥೆಯು ತನ್ನ ಕೆಲವು ಕಾರ್ಡ್‌ಗಳಿಗೆ ಮುಕ್ತ ಡ್ರೈವರ್ ಬಿಡುಗಡೆ ಮಾಡಿತು. ಡೆಬಿಯನ್ ಯೋಜನೆಯು 2022ರಲ್ಲಿ ಮತದಾನದ ಮೂಲಕ ನಿರ್ಧರಿಸಿ, 2023ರ ಜೂನ್‌ನಲ್ಲಿ ಬಿಡುಗಡೆಯಾದ ತನ್ನ 12ನೇ ಆವೃತ್ತಿಯಿಂದ ಅಗತ್ಯ ಫರ್ಮ್‌ವೇರ್ ಅನ್ನು ಸ್ಥಾಪನಾ ಕಡತದಲ್ಲಿಯೇ ಸೇರಿಸಿತು. ಆದುದರಿಂದ ಅಂತರ್ಜಾಲದಲ್ಲಿ ಇಂದಿಗೂ ದೊರೆಯುವ ಎನ್‌ಡಿಐಎಸ್‌ ರ‍್ಯಾಪರ್ ಕುರಿತ ಹಳೆಯ ಸಲಹೆಗಳನ್ನು ಈಗಿನ ಲ್ಯಾಪ್‌ಟಾಪ್‌ಗಳ ಮೇಲೆ ಪ್ರಯೋಗಿಸಬಾರದು.

ಪರಿಶೀಲನೆಯ ಕ್ರಮ:

(i) "ಎಲ್‌ಎಸ್‌ಪಿಸಿಐ" ಎಂಬ ಆದೇಶದಿಂದ ಒಳಗಿನ ಕಾರ್ಡ್‌ಗಳ, "ಎಲ್‌ಎಸ್‌ಯುಎಸ್‌ಬಿ" ಎಂಬ ಆದೇಶದಿಂದ ಯುಎಸ್‌ಬಿ ಮೂಲಕ ಜೋಡಿಸಿದ ಸಾಧನಗಳ ಪಟ್ಟಿ ದೊರೆಯುತ್ತದೆ. ಇಂಟೆಲ್, ರಿಯಲ್‌ಟೆಕ್, ಬ್ರಾಡ್‌ಕಾಮ್, ಕ್ವಾಲ್‌ಕಾಮ್ ಅಥೆರಾಸ್, ಮೀಡಿಯಾಟೆಕ್ ಇವುಗಳಲ್ಲಿ ಯಾವ ತಯಾರಕರ ಯಾವ ಮಾದರಿಯ ಕಾರ್ಡ್ ಇದೆ ಎಂಬುದನ್ನು ಬರೆದಿಟ್ಟುಕೊಳ್ಳುವುದು. ಲ್ಯಾಪ್‌ಟಾಪ್‌ನ ಮಾದರಿಗಿಂತ ಕಾರ್ಡಿನ ಮಾದರಿಯೇ ಇಲ್ಲಿ ಮುಖ್ಯ.

(ii) ಯುಎಸ್‌ಬಿ ಟೆದರಿಂಗ್ ಮೂಲಕ ಅಂತರ್ಜಾಲ ಪಡೆದು, ವ್ಯವಸ್ಥೆಯ ಎಲ್ಲ ನವೀಕರಣಗಳನ್ನು ಸ್ಥಾಪಿಸುವುದು. ಹೊಸ ಲ್ಯಾಪ್‌ಟಾಪ್‌ಗೆ ಹಳೆಯ ಆವೃತ್ತಿಯ ವ್ಯವಸ್ಥೆಯನ್ನು ಹಾಕಿದ್ದಲ್ಲಿ, ಆ ಕಾರ್ಡಿನ ಡ್ರೈವರ್ ಹಳೆಯ ಕರ್ನಲ್‌ನಲ್ಲಿ ಇಲ್ಲದಿರುವ ಸಾಧ್ಯತೆಯಿರುತ್ತದೆ. ಅಂತಹ ಸಂದರ್ಭದಲ್ಲಿ ಹೊಸ ಆವೃತ್ತಿಗೆ ಬದಲಾಯಿಸುವುದೇ ಸರಿಯಾದ ಪರಿಹಾರ.

(iii) ಉಬುಂಟುವಿನ "ಅಡಿಷನಲ್ ಡ್ರೈವರ್ಸ್" ಎಂಬ ವಿಭಾಗವನ್ನು ತೆರೆಯುವುದು. ಕೆಲವು ಬ್ರಾಡ್‌ಕಾಮ್ ಕಾರ್ಡ್‌ಗಳಿಗೆ ಬೇಕಾದ ಡ್ರೈವರ್ ಇಲ್ಲಿ ದೊರೆಯುತ್ತದೆ.

(iv) ಸೆಕ್ಯೂರ್ ಬೂಟ್ ಚಾಲೂ ಇರುವ ಲ್ಯಾಪ್‌ಟಾಪ್‌ನಲ್ಲಿ ಇಂತಹ ಡ್ರೈವರ್ ಸ್ಥಾಪಿಸುವಾಗ ಹೊಸದೊಂದು ಗುಪ್ತಪದವನ್ನು ಕೇಳಲಾಗುತ್ತದೆ. ಮರುಚಾಲನೆಯ ವೇಳೆ ಕಾಣುವ ನೀಲಿ ಪರದೆಯಲ್ಲಿ "ಎನ್‌ರೋಲ್ ಎಂಒಕೆ" ಎಂಬುದನ್ನು ಆಯ್ದು ಅದೇ ಗುಪ್ತಪದವನ್ನು ನೀಡಬೇಕು. ಈ ಪರದೆ ಕೆಲವು ಸೆಕೆಂಡುಗಳು ಮಾತ್ರ ಕಾಯುತ್ತದೆ. ಅದನ್ನು ಗಮನಿಸದೆ ಮುಂದೆ ಸಾಗಿದಲ್ಲಿ ಡ್ರೈವರ್ ಸ್ಥಾಪನೆಯಾಗಿದ್ದರೂ ಚಾಲನೆಗೆ ಬರುವುದಿಲ್ಲ.

"ನಿನ್ನೆಯವರೆಗೆ ಸರಿಯಿತ್ತು, ನವೀಕರಣದ ನಂತರ ನಿಂತಿತು" ಎಂಬ ಸಂದರ್ಭದಲ್ಲಿ: ಲ್ಯಾಪ್‌ಟಾಪ್ ಆರಂಭವಾಗುವಾಗ ಎಸ್ಕೇಪ್ ಅಥವಾ ಶಿಫ್ಟ್ ಕೀಲಿಯಿಂದ ಗ್ರಬ್ ಪಟ್ಟಿಯನ್ನು ತೆರೆದು, "ಅಡ್ವಾನ್ಸ್ಡ್ ಆಪ್ಷನ್ಸ್" ಅಡಿಯಲ್ಲಿ ಹಿಂದಿನ ಕರ್ನಲ್ ಅನ್ನು ಆಯ್ಕೆ ಮಾಡುವುದು. ಉಬುಂಟು ವ್ಯವಸ್ಥೆಯು ಹೊಸ ಕರ್ನಲ್ ಬಂದಾಗ ಹಿಂದಿನದನ್ನು ಕೂಡಲೇ ಅಳಿಸುವುದಿಲ್ಲ. ಹಿಂದಿನ ಕರ್ನಲ್‌ನಲ್ಲಿ ವೈ-ಫೈ ಬಂದಲ್ಲಿ ಕಾರ್ಡ್ ಕೆಟ್ಟಿಲ್ಲವೆಂಬುದು ಖಚಿತವಾಗುತ್ತದೆ. ಮುಂದಿನ ನವೀಕರಣ ಬರುವವರೆಗೆ ಅದರಲ್ಲಿಯೇ ಕೆಲಸ ಮುಂದುವರಿಸಬಹುದು.

6. ಜಾಲದ ಹೆಸರು ಕಾಣದಿರುವುದು

ವೈ-ಫೈ ಚಾಲೂ ಇದ್ದು ಅಕ್ಕಪಕ್ಕದ ಜಾಲಗಳು ಕಾಣುತ್ತಿದ್ದರೂ ತಮ್ಮದೇ ರೂಟರ್‌ನ ಹೆಸರು ಕಾಣದಿದ್ದಲ್ಲಿ ತರಂಗಾಂತರವನ್ನು ಪರಿಶೀಲಿಸಬೇಕು. ವೈ-ಫೈ ಮುಖ್ಯವಾಗಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳಲ್ಲಿ ನಡೆಯುತ್ತದೆ. ಹಳೆಯ ಅಥವಾ ಅಗ್ಗದ ಅನೇಕ ಕಾರ್ಡ್‌ಗಳು 2.4 ಅನ್ನು ಮಾತ್ರ ಗ್ರಹಿಸುತ್ತವೆ. ಅವುಗಳಿಗೆ 5 ಗಿಗಾಹರ್ಟ್ಸ್ ಜಾಲ ಕಾಣುವುದೇ ಇಲ್ಲ. ರೂಟರ್‌ನಲ್ಲಿ ಎರಡೂ ಪಟ್ಟಿಗಳನ್ನು ಚಾಲೂ ಇಡುವುದು ಇದಕ್ಕೆ ಪರಿಹಾರ.

2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಭಾರತದಲ್ಲಿ 1ರಿಂದ 13ರವರೆಗಿನ ಚಾನೆಲ್‌ಗಳನ್ನು ಬಳಸಬಹುದು. ಆದರೆ ಅಮೆರಿಕದಲ್ಲಿ ಸಾಮಾನ್ಯವಾಗಿ 11ರವರೆಗೆ ಮಾತ್ರ ಬಳಕೆಯಲ್ಲಿದ್ದು, ಅಲ್ಲಿನ ನಿಯಮದಂತೆ ಹೊಂದಿಸಲ್ಪಟ್ಟ ಕಾರ್ಡ್‌ಗೆ 12 ಮತ್ತು 13ನೇ ಚಾನೆಲ್‌ಗಳು ಕಾಣದಿರಬಹುದು. ರೂಟರ್‌ನ ಚಾನೆಲ್ ಅನ್ನು 1, 6 ಅಥವಾ 11ಕ್ಕೆ ನಿಗದಿಪಡಿಸಿದಲ್ಲಿ ತೊಂದರೆ ನಿವಾರಣೆಯಾಗುತ್ತದೆ. ಈ ಮೂರು ಚಾನೆಲ್‌ಗಳು ಒಂದರ ಮೇಲೊಂದು ಬೀಳುವುದಿಲ್ಲವಾದ್ದರಿಂದ ಅಕ್ಕಪಕ್ಕದ ಮನೆಗಳ ರೂಟರ್‌ಗಳ ಅಡಚಣೆಯೂ ಕಡಿಮೆ.

7. ಹೆಸರು ಕಂಡರೂ ಸಂಪರ್ಕವಾಗದಿರುವುದು

(i) ಗುಪ್ತಪದ: ಕನ್ನಡದಲ್ಲಿ ಟೈಪ್ ಮಾಡುವವರು ವಿಶೇಷವಾಗಿ ಗಮನಿಸಬೇಕಾದ ಅಂಶವಿದು. ಉಬುಂಟುವಿನಲ್ಲಿ ಕನ್ನಡ ಕೀಲಿಮಣೆ ವಿನ್ಯಾಸ ಚಾಲೂ ಇರುವಾಗ ಗುಪ್ತಪದ ಟೈಪ್ ಮಾಡಿದಲ್ಲಿ, ಪರದೆಯ ಮೇಲೆ ಚುಕ್ಕಿಗಳಷ್ಟೇ ಕಾಣುವುದರಿಂದ ತಪ್ಪು ಅಕ್ಷರಗಳು ಬೀಳುತ್ತಿರುವುದು ತಿಳಿಯುವುದೇ ಇಲ್ಲ. ಮೇಲ್ಪಟ್ಟಿಯಲ್ಲಿ ಇಂಗ್ಲಿಷ್ ಕೀಲಿಮಣೆ ಆಯ್ಕೆಯಾಗಿದೆಯೇ, ಕ್ಯಾಪ್ಸ್ ಲಾಕ್ ಆಫ್ ಇದೆಯೇ ಎಂದು ನೋಡಿ, ಕಣ್ಣಿನ ಚಿತ್ರವನ್ನು ಒತ್ತಿ ಗುಪ್ತಪದವನ್ನು ಓದಿಕೊಂಡ ನಂತರವೇ ಸಂಪರ್ಕಿಸುವುದು. ಮನೆಯ ವೈ-ಫೈ ಗುಪ್ತಪದ ಕನಿಷ್ಠ 8 ಅಕ್ಷರಗಳದ್ದಾಗಿರುತ್ತದೆ.

(ii) ರೂಟರ್‌ನ ಗುಪ್ತಪದವನ್ನು ಬದಲಿಸಿದ್ದಲ್ಲಿ ಲ್ಯಾಪ್‌ಟಾಪ್ ಹಳೆಯದನ್ನೇ ನೆನಪಿಟ್ಟುಕೊಂಡಿರುತ್ತದೆ. ವೈ-ಫೈ ಸೆಟ್ಟಿಂಗ್ಸ್‌ನಲ್ಲಿ ಆ ಜಾಲವನ್ನು ಆಯ್ದು "ಫರ್ಗೆಟ್" ಒತ್ತಿ, ಹೊಸದಾಗಿ ಸಂಪರ್ಕಿಸುವುದು.

(iii) ಹೊಸ ರೂಟರ್‌ನಲ್ಲಿ 2018ರಲ್ಲಿ ಜಾರಿಗೆ ಬಂದ ಡಬ್ಲ್ಯುಪಿಎ3 ಭದ್ರತೆಯನ್ನು ಮಾತ್ರ ಇಟ್ಟಿದ್ದಲ್ಲಿ ಹಳೆಯ ಕಾರ್ಡ್‌ಗಳು ಸಂಪರ್ಕ ಹೊಂದಲಾರವು. ಡಬ್ಲ್ಯುಪಿಎ2 ಮತ್ತು ಡಬ್ಲ್ಯುಪಿಎ3 ಎರಡನ್ನೂ ಒಪ್ಪುವ ಆಯ್ಕೆಯನ್ನು ಇಡುವುದು. ತೊಂದರೆ ನಿವಾರಣೆಯ ನೆಪದಲ್ಲಿ ಭದ್ರತೆಯನ್ನೇ ತೆಗೆದುಹಾಕಿ ಜಾಲವನ್ನು ತೆರೆದಿಡಬಾರದು.

(iv) ಕಛೇರಿ ಹಾಗೂ ಕಾಲೇಜುಗಳಲ್ಲಿ ನೋಂದಾಯಿತ ಮ್ಯಾಕ್ ವಿಳಾಸಗಳಿಗೆ ಮಾತ್ರ ಪ್ರವೇಶ ನೀಡುವುದುಂಟು. ಲ್ಯಾಪ್‌ಟಾಪ್ ತನ್ನ ಮ್ಯಾಕ್ ವಿಳಾಸವನ್ನು ಬದಲಿಸಿ ತೋರಿಸುವಂತೆ ಹೊಂದಿಸಲಾಗಿದ್ದಲ್ಲಿ ಪ್ರವೇಶ ದೊರೆಯುವುದಿಲ್ಲ. ಆ ಜಾಲದ ಸೆಟ್ಟಿಂಗ್‌ನಲ್ಲಿ ಕಾಯಂ ವಿಳಾಸವನ್ನು ಆಯ್ಕೆ ಮಾಡುವುದು.

8. ಸಂಪರ್ಕವಿದ್ದರೂ ಜಾಲತಾಣ ತೆರೆಯದಿರುವುದು

ಈ ಹಂತದಲ್ಲಿ ಹತ್ತಿರದಿಂದ ದೂರಕ್ಕೆ ಮೂರು ಪರೀಕ್ಷೆಗಳನ್ನು ಮಾಡುವುದು. "ಐಪಿ ರೂಟ್" ಎಂಬ ಆದೇಶ ನೀಡಿದಾಗ "ಡೀಫಾಲ್ಟ್ ವಯಾ" ಎಂಬ ಪದಗಳ ಮುಂದೆ ಕಾಣುವ ಸಂಖ್ಯೆ ರೂಟರ್‌ನ ವಿಳಾಸ. ಮನೆಗಳಲ್ಲಿ ಇದು ಬಹುಮಟ್ಟಿಗೆ 192.168 ಎಂದು ಆರಂಭವಾಗುತ್ತದೆ. "ಪಿಂಗ್" ಎಂಬ ಆದೇಶದ ಮುಂದೆ ಮೊದಲು ರೂಟರ್‌ನ ವಿಳಾಸ, ಅನಂತರ 8.8.8.8 ಎಂಬ ವಿಳಾಸ, ಕೊನೆಗೆ ಯಾವುದಾದರೂ ಜಾಲತಾಣದ ಹೆಸರನ್ನು ನೀಡಿ ನೋಡುವುದು. ಉತ್ತರ ಬರುವುದನ್ನು ನಿಲ್ಲಿಸಲು ಕಂಟ್ರೋಲ್ ಮತ್ತು ಸಿ ಒತ್ತುವುದು.

- ರೂಟರ್‌ನಿಂದಲೇ ಉತ್ತರ ಬಾರದಿದ್ದಲ್ಲಿ: ವೈ-ಫೈ ಸಂಪರ್ಕವನ್ನು ಕಡಿದು ಪುನಃ ಜೋಡಿಸುವುದು, ರೂಟರ್ ಅನ್ನು ಮರುಚಾಲನೆ ಮಾಡುವುದು.
- ರೂಟರ್ ಉತ್ತರಿಸಿ 8.8.8.8 ಉತ್ತರಿಸದಿದ್ದಲ್ಲಿ: ದೋಷ ಬಹುತೇಕ ರೂಟರ್‌ನಿಂದ ಆಚೆಗಿದೆ, ಸೇವಾದಾರರಿಗೆ ದೂರು ನೀಡುವುದು.
- ಎರಡೂ ಉತ್ತರಿಸಿ ಹೆಸರಿಗೆ ಮಾತ್ರ ಉತ್ತರ ಬಾರದಿದ್ದಲ್ಲಿ: ಹೆಸರನ್ನು ವಿಳಾಸಕ್ಕೆ ಬದಲಿಸಿಕೊಡುವ ಡಿಎನ್‌ಎಸ್ ಸೇವೆಯ ದೋಷವಿದು. ಸಂಪರ್ಕದ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ವಿಳಾಸವನ್ನು 8.8.8.8 ಎಂದು ನೀಡಿ ನೋಡುವುದು.

ದಿನಾಂಕ ಮತ್ತು ಸಮಯವನ್ನೂ ಗಮನಿಸಬೇಕು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಗಡಿಯಾರದ ಸಣ್ಣ ಸೆಲ್ ಮುಗಿದಾಗ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಜಾಲತಾಣದ ಭದ್ರತಾ ಪ್ರಮಾಣಪತ್ರದ ಅವಧಿ ಇನ್ನೂ ಆರಂಭವೇ ಆಗಿಲ್ಲವೆಂದು ಲ್ಯಾಪ್‌ಟಾಪ್ ಭಾವಿಸಿ, ತಾಣವನ್ನು ತೆರೆಯಲು ನಿರಾಕರಿಸುತ್ತದೆ. ದಿನಾಂಕವನ್ನು ಸರಿಪಡಿಸಿದ ಕೂಡಲೇ ತಾಣ ತೆರೆಯುತ್ತದೆ.

9. ಸಂಪರ್ಕವು ಆಗಾಗ ಕಡಿದುಹೋಗುವುದು

(i) ಬ್ಯಾಟರಿ ಉಳಿಸುವ ಸಲುವಾಗಿ ಉಬುಂಟು ವೈ-ಫೈ ಕಾರ್ಡನ್ನು ನಡುನಡುವೆ ವಿಶ್ರಾಂತಿಗೆ ಕಳುಹಿಸುತ್ತದೆ. ಕೆಲವು ಕಾರ್ಡ್‌ಗಳಿಗೆ ಇದು ಒಗ್ಗುವುದಿಲ್ಲ. "ಇಟಿಸಿ" ಕಡತಕೋಶದೊಳಗಿನ "ನೆಟ್‌ವರ್ಕ್‌ಮ್ಯಾನೇಜರ್" ಕೋಶದ "ಕಾನ್ಫ್ ಡಾಟ್ ಡಿ" ಉಪಕೋಶದಲ್ಲಿ, ಹೆಸರಿನಲ್ಲಿ "ವೈಫೈ ಪವರ್‌ಸೇವ್" ಎಂದಿರುವ ಕಡತವೊಂದಿರುತ್ತದೆ. ಅದರಲ್ಲಿ 3 ಎಂದಿರುವ ಮೌಲ್ಯವನ್ನು 2 ಎಂದು ಬದಲಿಸಿ ಲ್ಯಾಪ್‌ಟಾಪ್ ಅನ್ನು ಮರುಚಾಲನೆ ಮಾಡಿದಲ್ಲಿ ಈ ವಿಶ್ರಾಂತಿ ನಿಲ್ಲುತ್ತದೆ. ಕಡತವನ್ನು ಬದಲಿಸಲು ನಿರ್ವಾಹಕರ ಅಧಿಕಾರ ಬೇಕಾಗುತ್ತದೆ.

(ii) ರೂಟರ್ ಪಕ್ಕದಲ್ಲಿದ್ದಾಗಲೂ ಸಂಕೇತ ಅತಿ ದುರ್ಬಲವಾಗಿದ್ದಲ್ಲಿ ಆಂಟೆನಾ ಕಾರಣವಿರಬಹುದು. ರಿಯಲ್‌ಟೆಕ್ 8723ಬಿಇ ಕಾರ್ಡ್ ಇರುವ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ಆಂಟೆನಾ ಇದ್ದು, ಡ್ರೈವರ್ ಇನ್ನೊಂದು ತುದಿಯನ್ನು ಬಳಸಲು ಹೊರಡುವುದರಿಂದ ಈ ತೊಂದರೆ ಉಂಟಾಗುತ್ತದೆ. ಡ್ರೈವರ್‌ನ "ಆಂಟ್ ಸೆಲ್" ಎಂಬ ಆಯ್ಕೆಯ ಮೌಲ್ಯವನ್ನು 1 ಅಥವಾ 2 ಎಂದು ಬದಲಿಸಿದಲ್ಲಿ ಸಂಕೇತ ಸುಧಾರಿಸುತ್ತದೆ.

(iii) ಮೈಕ್ರೋವೇವ್ ಒಲೆಗಳು ಹಾಗೂ ಸರಿಯಾದ ಹೊದಿಕೆಯಿಲ್ಲದ ಯುಎಸ್‌ಬಿ 3.0 ಕೇಬಲ್‌ಗಳು 2.4 ಗಿಗಾಹರ್ಟ್ಸ್ ಸಂಕೇತಕ್ಕೆ ಅಡ್ಡಿಯುಂಟುಮಾಡುತ್ತವೆ. ಹೊರಗಿನ ಹಾರ್ಡ್ ಡಿಸ್ಕ್ ಜೋಡಿಸಿದಾಗಲೆಲ್ಲ ಸಂಪರ್ಕ ಕಡಿಯುತ್ತಿದ್ದಲ್ಲಿ ಅದನ್ನು ದೂರವಿರಿಸಿ ಅಥವಾ 5 ಗಿಗಾಹರ್ಟ್ಸ್ ಜಾಲಕ್ಕೆ ಬದಲಿಸಿ ನೋಡುವುದು.

10. ಯಂತ್ರಾಂಶದ ದೋಷವೆಂದು ತೀರ್ಮಾನಿಸುವ ಮುನ್ನ

ಮೇಲಿನ ಯಾವುದರಿಂದಲೂ ಫಲ ದೊರೆಯದಿದ್ದಲ್ಲಿ, ಉಬುಂಟುವಿನ ಹೊಸ ಆವೃತ್ತಿಯನ್ನು ಪೆನ್ ಡ್ರೈವ್‌ನಲ್ಲಿ ಸಿದ್ಧಪಡಿಸಿಕೊಂಡು ಅದರಿಂದಲೇ ಲ್ಯಾಪ್‌ಟಾಪ್ ಅನ್ನು ಆರಂಭಿಸುವುದು. "ಟ್ರೈ ಉಬುಂಟು" ಎಂಬ ಆಯ್ಕೆಯನ್ನು ಮಾತ್ರ ಬಳಸುವುದು. "ಇನ್‌ಸ್ಟಾಲ್" ಎಂಬುದನ್ನು ಒತ್ತಬಾರದು. ಈ ಪರೀಕ್ಷೆಯಿಂದ ಲ್ಯಾಪ್‌ಟಾಪ್‌ನ ಕಡತಗಳಿಗೆ ಧಕ್ಕೆಯಿಲ್ಲ. ಹೀಗೆ ಆರಂಭಿಸಿದಾಗ ವೈ-ಫೈ ಬಂದಲ್ಲಿ ಕಾರ್ಡ್ ಸರಿಯಾಗಿದೆ, ದೋಷ ತಂತ್ರಾಂಶದಲ್ಲಿದೆ. ಅಲ್ಲಿಯೂ ಬಾರದೆ, ಕಾರ್ಡ್ ಪಟ್ಟಿಯಲ್ಲಿಯೂ ಕಾಣದಿದ್ದಲ್ಲಿ ಕಾರ್ಡ್ ಸಡಿಲವಾಗಿರುವ ಅಥವಾ ಕೆಟ್ಟಿರುವ ಸಾಧ್ಯತೆ ಹೆಚ್ಚು. ಆಗಲೂ ಇಡೀ ಲ್ಯಾಪ್‌ಟಾಪ್ ಬದಲಿಸುವ ಅಗತ್ಯವಿಲ್ಲ. ಅನೇಕ ಮಾದರಿಗಳಲ್ಲಿ ಕಾರ್ಡನ್ನು ಮಾತ್ರ ಬದಲಿಸಬಹುದು, ಇಲ್ಲವೇ ಲಿನಕ್ಸ್‌ಗೆ ಹೊಂದುವ ಯುಎಸ್‌ಬಿ ವೈ-ಫೈ ಸಾಧನವನ್ನು ಜೋಡಿಸಬಹುದು.

ದುರಸ್ತಿಗೆ ನೀಡುವಾಗ ಕಾರ್ಡಿನ ಮಾದರಿ, ತೊಂದರೆ ಆರಂಭವಾದ ದಿನ, ಕೈಗೊಂಡ ಪರೀಕ್ಷೆಗಳು ಹಾಗೂ ಅವುಗಳ ಫಲಿತಾಂಶವನ್ನು ಒಂದು ಹಾಳೆಯಲ್ಲಿ ಬರೆದುಕೊಡುವುದು. ತಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಫಾರ್ಮ್ಯಾಟ್ ಮಾಡಬಾರದೆಂದು ಅದರಲ್ಲಿಯೇ ನಮೂದಿಸುವುದು ಸೂಕ್ತ. ಅಪರಿಚಿತರು ನೀಡಿದ ಆದೇಶಗಳನ್ನು, ವಿಶೇಷವಾಗಿ "ಸುಡೊ" ಎಂಬ ಪದದಿಂದ ಆರಂಭವಾಗುವವುಗಳನ್ನು, ಅರ್ಥ ತಿಳಿಯದೆ ಟೈಪ್ ಮಾಡಬಾರದು. ಆ ಪದವು ಇಡೀ ವ್ಯವಸ್ಥೆಯನ್ನು ಬದಲಿಸುವ ಅಧಿಕಾರವನ್ನು ನೀಡುತ್ತದೆ.

ಸಾರಾಂಶ

ಮೊದಲು ಮೊಬೈಲ್‌ನಲ್ಲಿ ಪರೀಕ್ಷೆ, ತುರ್ತು ಕೆಲಸಕ್ಕೆ ಯುಎಸ್‌ಬಿ ಟೆದರಿಂಗ್, ಅನಂತರ ಸ್ವಿಚ್, ಡ್ರೈವರ್, ಸಂಕೇತ, ಗುಪ್ತಪದ ಮತ್ತು ವಿಳಾಸ ಎಂಬ ಕ್ರಮದಲ್ಲಿ ಪರಿಶೀಲನೆ ನಡೆಸತಕ್ಕದ್ದು. ಒಂದು ಬಾರಿಗೆ ಒಂದೇ ಬದಲಾವಣೆಯನ್ನು ಮಾಡಿ, ಫಲಿತಾಂಶವನ್ನು ನೋಡಿದ ನಂತರವೇ ಮುಂದಿನದಕ್ಕೆ ಹೋಗುವುದು. ಫಾರ್ಮ್ಯಾಟ್ ಎಂಬುದು ಕೊನೆಯ ಉಪಾಯವೇ ಹೊರತು ಮೊದಲನೆಯದಲ್ಲ ಎಂಬುದನ್ನು ಸಾರ್ವಜನಿಕರು ಗಮನದಲ್ಲಿಟ್ಟುಕೊಳ್ಳುವುದು.